ಕಾಣಿಕೆ ಚೀಲಕ್ಕೆ ಹಾಕಿದ್ದು ಎಲ್ಲಿ ಹೋಯ್ತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ದುಡ್ಡಿನ ವಿಷಯವೇ. ಅದೂ ಚರ್ಚಿನ ದುಡ್ಡಿನ ವಿಷಯ. ನಾನು ಕೆಲವು ವರ್ಷ ಒಂದು ಧರ್ಮಕೇಂದ್ರದ (ಒಂದು ಊರಿನ ಚರ್ಚು, ಅದರ ಜನ ಎಲ್ಲ ಸೇರಿದ್ದು) ಹಣಕಾಸು ಸಮಿತಿಯಲ್ಲಿದ್ದವನು. ಭಾನುವಾರ ಪೂಜೆ ಮುಗಿದ ಮೇಲೆ ಕಾಣಿಕೆ ಎಣಿಸುವ ಮೇಜಿನ ಮುಂದೆ ಕೂತಿದ್ದೇನೆ, ಲೆಕ್ಕ ತಪ್ಪಿ ಬೈಸಿಕೊಂಡೂ ಇದ್ದೇನೆ. ಹಾಗಾಗಿ ಇಲ್ಲಿ ಒಂದಿಷ್ಟು ಕಾನೂನು, ಒಂದಿಷ್ಟು ಅನುಭವ ಬೆರೆತಿರುತ್ತದೆ. ಬರೆದವರಲ್ಲಿ ಹೆಚ್ಚಿನವರು ಕಥೋಲಿಕರು, ಆದ್ದರಿಂದ 1983ರ ಕ್ಯಾನನ್ ಕಾನೂನಿನ, ಅಂದರೆ ಕಥೋಲಿಕ ಚರ್ಚಿನದೇ ಕಾನೂನು ಪುಸ್ತಕದ, ಮಾತೇ ಜಾಸ್ತಿ ಬರುತ್ತದೆ. ಬೇರೆ ಸಭೆಗಳವರು ಬೇಸರ ಮಾಡಿಕೊಳ್ಳಬೇಡಿ, ಕಷ್ಟಸುಖ ಎಲ್ಲ ಕಡೆ ಒಂದೇ.

ಪ್ರಶ್ನೆ: ಪ್ರತಿ ಭಾನುವಾರ ಚೀಲ ಬರುತ್ತದೆ, ಹಾಕುತ್ತೇವೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಎಲ್ಲಾ ಬಿಷಪರ ಮನೆಗೆ, ಅಲ್ಲಿಂದ ಸೀದಾ ರೋಮಿಗೆ ಅಂತ ನಮ್ಮ ಭಾವ ಹೇಳುತ್ತಾರೆ.

ನಿಮ್ಮ ಭಾವ ಹೇಳಿದ್ದು ತಪ್ಪು. ಮಾಮೂಲಿ ಭಾನುವಾರದ ಕಾಣಿಕೆ ಧರ್ಮಕೇಂದ್ರದ ದುಡ್ಡು. ಕಾನೂನಿನ ಕಣ್ಣಿನಲ್ಲಿ ಧರ್ಮಕೇಂದ್ರ ತಾನೇ ಒಂದು 'ವ್ಯಕ್ತಿ' ಇದ್ದ ಹಾಗೆ. ಅದಕ್ಕೆ ಅದರದೇ ಆಸ್ತಿ ಇರುತ್ತದೆ. ಫಾದರ್ ಅದರ ಪರವಾಗಿ ಸಹಿ ಹಾಕುತ್ತಾರೆ, ಅಷ್ಟೆ. ಅವರು ವರ್ಗವಾಗಿ ಹೋದರೆ ಅವರ ಪೆಟ್ಟಿಗೆ ಹೋಗುತ್ತದೆ, ಧರ್ಮಕೇಂದ್ರದ ಖಾತೆ ಹೋಗುವುದಿಲ್ಲ.

ಆದರೆ ನಿಮ್ಮ ಭಾವನ ಮಾತಿಗೆ ಒಂದು ಬುಡ ಇದೆ. ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಕೆಳಗಿನ ಎಲ್ಲ ಧರ್ಮಕೇಂದ್ರಗಳು ಸೇರಿದ್ದು) ಖರ್ಚಿಗೆ ಅಂತ ಬಿಷಪರು ಧರ್ಮಕೇಂದ್ರಗಳ ಮೇಲೆ ಒಂದು ಪಾಲು ಹಾಕಬಹುದು. ಅದು ಹದವಾಗಿರಬೇಕು, ಆದಾಯಕ್ಕೆ ತಕ್ಕ ಹಾಗಿರಬೇಕು, ಮತ್ತು ಧರ್ಮಪ್ರಾಂತ್ಯದ ಹಣಕಾಸು ಮಂಡಳಿಯನ್ನೂ ಗುರುಗಳ ಮಂಡಳಿಯನ್ನೂ ಕೇಳಿಯೇ ಹಾಕಬೇಕು ಅನ್ನುತ್ತದೆ 1263ನೇ ಕಲಮು. ಇನ್ನು ವರ್ಷದಲ್ಲಿ ಕೆಲವು ದಿನದ ಕಾಣಿಕೆ ಮಾತ್ರ ಪೂರ್ತಿ ಹೊರಗೆ ಹೋಗುತ್ತದೆ. ಅಕ್ಟೋಬರ್‌ನ ಕೊನೆಯದಕ್ಕಿಂತ ಒಂದು ಮೊದಲಿನ ಭಾನುವಾರ ಮಿಷನ್ ಭಾನುವಾರ, 1926ರಿಂದ ನಡೆದು ಬಂದದ್ದು. ಶುಭ ಶುಕ್ರವಾರದ್ದು ಪವಿತ್ರ ನಾಡಿಗೆ. ಜೂನ್ 29ರ ಪೇತ್ರ-ಪೌಲರ ಹಬ್ಬದ ಆಸುಪಾಸಿನದು ಪೋಪರಿಗೆ. ಬಹುಶಃ ಭಾವ ಅಂಥ ಒಂದು ಭಾನುವಾರ ಮಾತ್ರ ಪ್ರಕಟಣೆ ಸರಿಯಾಗಿ ಕೇಳಿಸಿಕೊಂಡಿರಬೇಕು!

ಉಳಿದದ್ದು ಯಾವುದಕ್ಕೆ? 1254ನೇ ಕಲಮು ಹೇಳೋದು ಇಷ್ಟು: ಪೂಜೆ ಪ್ರಾರ್ಥನೆ ನಡೆಸೋದಕ್ಕೆ, ಗುರುಗಳ ಮತ್ತು ಕೆಲಸದವರ ಜೀವನಕ್ಕೆ, ಆಮೇಲೆ ಧರ್ಮಸೇವೆಗೆ ಮತ್ತು ದಾನಕ್ಕೆ, ಅದರಲ್ಲೂ ಬಡವರಿಗೆ. ಕೇಳೋದಕ್ಕೆ ಚೆನ್ನಾಗಿದೆ, ಆದರೆ ಖರ್ಚಿನ ಪುಸ್ತಕ ತೆಗೆದರೆ ಕಾಣಿಸೋದು ಬರೀ ಕರೆಂಟ್ ಬಿಲ್ಲು, ಸಂಬಳ, ನಲ್ಲಿ ರಿಪೇರಿ. 'ಇದರಲ್ಲಿ ಸೇವೆ ಎಲ್ಲಿದೆ?' ಅಂತ ಜನ ಕೇಳುತ್ತಾರೆ. ನಾನೂ ಮೊದಲು ಕೇಳಿದ್ದೆ.

ಒಂದು ಸಾವಿನ ದಿನ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಯಾರದೋ ಮನೆಯಲ್ಲಿ ಒಬ್ಬರು ಹೋಗಿಬಿಟ್ಟರು ಅಂತಿಟ್ಟುಕೊಳ್ಳಿ. ಮಗ ಚರ್ಚಿಗೆ ಫೋನ್ ಮಾಡುತ್ತಾನೆ, ಯಾರೋ ಎತ್ತುತ್ತಾರೆ. ಆ ಫೋನಿನ ಬಿಲ್ಲು ಕಟ್ಟಿದ್ದು ಧರ್ಮಕೇಂದ್ರ. ಫಾದರ್ ಗಾಡಿ ತೆಗೆದುಕೊಂಡು ಹೊರಡುತ್ತಾರೆ. ಬೆಳಿಗ್ಗೆ ಚರ್ಚ್ ನೋಡಿಕೊಳ್ಳುವವನು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದು, ಗಂಟೆ ಹೊಡೆದು, ಮುಂದಿನ ಬೆಂಚುಗಳನ್ನು ಹಿಂದಕ್ಕೆ ಸರಿಸಿ ಶವಪೆಟ್ಟಿಗೆಗೆ ಜಾಗ ಮಾಡುತ್ತಾನೆ. ಮೈಕ್ ಕೆಲಸ ಮಾಡುತ್ತದೆ, ಯಾಕೆಂದರೆ ಹೋದ ತಿಂಗಳು ಯಾರೋ ಅದನ್ನು ರಿಪೇರಿ ಮಾಡಿಸಿದ್ದರು. ಕೊನೆಗೆ ಆಫೀಸಿನಲ್ಲಿ ದೊಡ್ಡ ರಿಜಿಸ್ಟರ್ ತೆಗೆದು ಹೆಸರು, ದಿನ, ಹೂಳಿದ ಜಾಗ ಬರೆಯುತ್ತಾರೆ. ಆ ಮನೆಯವರ ಹತ್ತಿರ ಅವತ್ತು ಒಂದು ಬಿಡಿಕಾಸು ಇಲ್ಲದೇ ಇದ್ದರೂ ಇದೆಲ್ಲ ನಡೆಯಲೇಬೇಕು, ನಡೆಯುತ್ತದೆ ಕೂಡ. ಅದಕ್ಕೆ ದುಡ್ಡು ಕೊಟ್ಟವರು ಯಾವುದೋ ಭಾನುವಾರ ಚೀಲಕ್ಕೆ ಕೈ ಹಾಕಿದವರು. ಯಾರ ಸಾವಿಗೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಪ್ರಶ್ನೆ: ಅಮ್ಮನ ನೆನಪಿಗೆ ಪೂಜೆ ಬರೆಸಲು ಹೋದೆ. ಇಷ್ಟು ಕಾಣಿಕೆ ಅಂದರು. ಇದು ಪೂಜೆ ಮಾರಿದ ಹಾಗೆ ಅಲ್ವಾ?

ಆ ಅನುಮಾನ ಚರ್ಚಿಗೂ ಇದೆ. ಅದಕ್ಕೇ ಕಾನೂನು ಇಷ್ಟು ಬಿಗಿ. ವ್ಯಾಪಾರದ ನೆರಳು ಕೂಡ ಇರಬಾರದು ಅನ್ನುತ್ತದೆ 947ನೇ ಕಲಮು. ಪೂಜೆಗೆ ಬೆಲೆ ಇಲ್ಲ. ನೀವು ಕೊಡುವುದು ಗುರುಗಳ ಜೀವನಕ್ಕೆ, ಚರ್ಚಿನ ಕೆಲಸಕ್ಕೆ ಒಂದು ಕಾಣಿಕೆ. ಎಷ್ಟು ಅನ್ನೋದನ್ನು ಆ ಭಾಗದ ಬಿಷಪರು ಸೇರಿ ಗೊತ್ತು ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ನೀವಾಗಿ ಜಾಸ್ತಿ ಕೊಟ್ಟರೆ ತೆಗೆದುಕೊಳ್ಳಬಹುದು, ಕಡಿಮೆ ಕೊಟ್ಟರೂ ತೆಗೆದುಕೊಳ್ಳಬಹುದು. ಇಲ್ಲದವರು ಕೇಳಿದರೆ ಏನೂ ತೆಗೆದುಕೊಳ್ಳದೆಯೇ ಅವರ ಉದ್ದೇಶಕ್ಕೆ ಪೂಜೆ ಮಾಡಿ ಅಂತ ಗುರುಗಳಿಗೆ ಒತ್ತಿ ಹೇಳಿದೆ. ದೀಕ್ಷಾಸ್ನಾನ, ಮದುವೆ ಇಂಥ ಸಂಸ್ಕಾರಗಳೂ ಅಷ್ಟೇ. ಬಡತನದ ಕಾರಣಕ್ಕೆ ಯಾರಿಗೂ ತಪ್ಪಬಾರದು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಒಬ್ಬ ಗುರು ಒಂದೇ ದಿನ ಎರಡು ಮೂರು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ತಾವು ಇಟ್ಟುಕೊಳ್ಳಬಹುದು. ಉಳಿದದ್ದು ಬಿಷಪರು ಹೇಳಿದ ಉದ್ದೇಶಕ್ಕೆ ಹೋಗಬೇಕು. ಕ್ರಿಸ್‌ಮಸ್ ದಿನಕ್ಕೆ ಮಾತ್ರ ವಿನಾಯಿತಿ.

ಇಷ್ಟೆಲ್ಲ ಕಾನೂನು ಇದ್ದರೂ ಆಫೀಸಿನ ಕಿಟಕಿಯಲ್ಲಿ ಕೂತವರು 'ಇಷ್ಟಾಗುತ್ತೆ' ಅಂತ ಅಂಗಡಿಯವರ ಥರ ಹೇಳಿದರೆ ಎಲ್ಲ ಹಾಳು. ನಿಮಗೆ ಆಗಿದ್ದು ಅದೇ ಇರಬೇಕು. 'ಕಾಣಿಕೆ ಸಾಮಾನ್ಯವಾಗಿ ಇಷ್ಟು, ಕಷ್ಟ ಇದ್ದರೆ ಬಿಡಿ, ಹೆಸರು ಹೇಳಿ ಬರೆದುಕೊಳ್ಳುತ್ತೇನೆ' ಅನ್ನೋದಕ್ಕೆ ಎಷ್ಟು ಹೊತ್ತು ಬೇಕು? ಮುಂದಿನ ಸಲ ಫಾದರ್ ಸಿಕ್ಕಾಗ ನೇರವಾಗಿ ಹೇಳಿ. ದೂರು ಅಂತಲ್ಲ, ಅವರಿಗೆ ಗೊತ್ತಿರಲಿ ಅಂತ.

ಪ್ರಶ್ನೆ: ಚರ್ಚಿನ ಚಾವಣಿಗೆ ಅಂತ ನಾವೆಲ್ಲ ಕೊಟ್ಟ ದುಡ್ಡಿನಲ್ಲಿ ಹೊಸ ಸೌಂಡ್ ಸಿಸ್ಟಂ ಬಂದಿದೆ. ಕೇಳಿದರೆ 'ಎಲ್ಲಾ ಚರ್ಚಿಗೇ ತಾನೇ' ಅನ್ನುತ್ತಾರೆ.

ಅಲ್ಲ. ಎಲ್ಲಾ ಚರ್ಚಿಗೇ ಅನ್ನೋದು ಉತ್ತರ ಅಲ್ಲ. ಒಂದು ಉದ್ದೇಶಕ್ಕೆ ಅಂತ ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕು. 1267ನೇ ಕಲಮಿನ ಮೂರನೇ ಭಾಗ. ಇಡೀ ಕಾನೂನು ಪುಸ್ತಕದಲ್ಲಿ ಧರ್ಮಕೇಂದ್ರದ ಖಜಾಂಚಿ ಒಂದೇ ಒಂದು ಸಾಲು ಬಾಯಿಪಾಠ ಮಾಡಬೇಕು ಅಂದರೆ ನಾನು ಇದನ್ನೇ ಕೊಡುತ್ತೇನೆ.

ನಾನಿದ್ದ ಕಡೆಯೂ ಇಂಥದ್ದು ಆಗಿತ್ತು, ನಾನೇ ಸಹಿ ಹಾಕಿದ್ದೆ. ರೋಗಿಗಳ ನಿಧಿ ಅಂತ ಒಂದು ಡಬ್ಬಿ ಇತ್ತು. ಒಂದು ತಿಂಗಳು ಸಂಬಳಕ್ಕೆ ದುಡ್ಡು ಸಾಲಲಿಲ್ಲ. 'ಮುಂದಿನ ತಿಂಗಳು ವಾಪಸ್ ಹಾಕೋಣ' ಅಂತ ಅದರಿಂದ ತೆಗೆದೆವು. ಯಾರೂ ಕದಿಯಲಿಲ್ಲ, ಯಾರ ಮನೆಗೂ ಹೋಗಲಿಲ್ಲ. ಆದರೆ ಮುಂದಿನ ತಿಂಗಳು ಮಳೆಗೆ ಗೋಡೆ ಬಿತ್ತು, ಅದರ ಮುಂದಿನ ತಿಂಗಳು ಇನ್ನೇನೋ. ಅಷ್ಟರಲ್ಲಿ ಒಬ್ಬ ಮುದುಕಿ ಮಗನ ಆಪರೇಷನ್‌ಗೆ ಅಂತ ಬಂದು ಕೇಳಿದಳು. ಪುಸ್ತಕದಲ್ಲಿ ದುಡ್ಡು ಇತ್ತು, ಬ್ಯಾಂಕಿನಲ್ಲಿ ಇರಲಿಲ್ಲ. ಆಕೆಗೆ ಏನು ಹೇಳಿದೆವು ಅನ್ನೋದನ್ನು ಇಲ್ಲಿ ಬರೆಯೋದಕ್ಕೆ ಈಗಲೂ ಮನಸ್ಸಾಗುವುದಿಲ್ಲ. ಅವತ್ತಿನಿಂದ ವಿಶೇಷ ನಿಧಿಗೆಲ್ಲ ಬೇರೆ ಬೇರೆ ಖಾತೆ ಮಾಡಿದೆವು.

ನಿಮ್ಮ ವಿಷಯಕ್ಕೆ ಬಂದರೆ, ಚಾವಣಿ ನಿಧಿಯಿಂದ ಎಷ್ಟು ತೆಗೆದರು, ಯಾವಾಗ ವಾಪಸ್ ತುಂಬುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಚಾವಣಿ ಕೆಲಸ ಮುಗಿದು ದುಡ್ಡು ಉಳಿದಿದ್ದರೆ ಅದು ಬೇರೆ ಮಾತು. ಆಗ ಕೊಟ್ಟವರ ಒಪ್ಪಿಗೆ ಕೇಳಿ, ಬೇಕಾದರೆ ಬಿಷಪರ ಕಚೇರಿಯನ್ನೂ ಕೇಳಿ, ಬೇರೆ ಕೆಲಸಕ್ಕೆ ತಿರುಗಿಸುವುದು ಸರಿಯಾದ ದಾರಿ. ಹಣ ಕೇಳುವಾಗಲೇ 'ಉಳಿದರೆ ಇಂಥದ್ದಕ್ಕೆ ಬಳಸುತ್ತೇವೆ' ಅಂತ ಒಂದು ಸಾಲು ಸೇರಿಸಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಪ್ರಶ್ನೆ: ನನ್ನನ್ನು ಹಣಕಾಸು ಸಮಿತಿಗೆ ಹಾಕಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು ಅಂತ. ನಾನು ಹೇಳಿದ್ದನ್ನು ಫಾದರ್ ಕೇಳಲೇಬೇಕಾ?

ಕೇಳಿಸಿಕೊಳ್ಳಬೇಕು. ಅದರಂತೆ ನಡೆಯಲೇಬೇಕು ಅಂತಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಲನಾ ಸಮಿತಿ (ಧರ್ಮಕೇಂದ್ರದ ಒಟ್ಟು ಸೇವಾಕೆಲಸಕ್ಕೆ ಸಲಹೆ ಕೊಡುವುದು) ಇರಬೇಕೋ ಬೇಡವೋ ಅನ್ನೋದನ್ನು ಬಿಷಪರು ತೀರ್ಮಾನಿಸುತ್ತಾರೆ. ಹಣಕಾಸು ಸಮಿತಿ ಹಾಗಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು, 537ನೇ ಕಲಮು. 2020ರಲ್ಲಿ ವ್ಯಾಟಿಕನ್‌ನಿಂದ ಬಂದ ಒಂದು ಸೂಚನೆಯ ಪ್ರಕಾರ ಫಾದರ್ ಬಿಟ್ಟು ಕನಿಷ್ಠ ಮೂವರು ಇರಬೇಕು. ಸಮಿತಿಯ ಕೆಲಸ ಸಲಹೆ ಕೊಡೋದು. ಸಹಿ, ಜವಾಬ್ದಾರಿ ಫಾದರ್‌ದು. ಆದರೆ ಮಾಮೂಲಿ ಆಡಳಿತ ಮೀರಿದ ದೊಡ್ಡ ವ್ಯವಹಾರಕ್ಕೆ, ಅಂದರೆ ಜಾಗ ಮಾರೋದು ಅಂಥದ್ದಕ್ಕೆ, ಅವರೊಬ್ಬರ ಸಹಿಯೂ ಸಾಲದು. ಮೇಲಿನಿಂದ ಲಿಖಿತ ಅನುಮತಿ ಬೇಕು.

ನೀವು ಮೊದಲ ದಿನವೇ ಹೋಗಿ ಹೂಡಿಕೆ, ಬಡ್ಡಿ ಅಂತ ಶುರು ಮಾಡಬೇಡಿ (ಬ್ಯಾಂಕಿನವರಿಗೆ ಆ ಚಾಳಿ ಇರುತ್ತದೆ). ಮೊದಲು ಎಣಿಸುವ ಮೇಜಿಗೆ ಹೋಗಿ ನಿಂತುಕೊಳ್ಳಿ. ಒಬ್ಬರೇ ಎಣಿಸುತ್ತಿದ್ದಾರಾ? ಅದು ಇವತ್ತೇ ನಿಲ್ಲಬೇಕು. ಅವರು ಕಳ್ಳರು ಅಂತಲ್ಲ. ನಾಳೆ ಯಾರೋ ಬಾಯಿಗೆ ಬಂದದ್ದು ಹೇಳಿದರೆ ಅವರ ಪರ ಸಾಕ್ಷಿಗೆ ಯಾರೂ ಇರುವುದಿಲ್ಲ, ಅದಕ್ಕೆ. ಇಬ್ಬರು ಬೇಕು, ಗಂಡ ಹೆಂಡತಿ ಅಥವಾ ಅಣ್ಣ ತಮ್ಮ ಆಗಿರಬಾರದು, ಪ್ರತಿ ವಾರ ಅವರೇ ಆಗಿರಬಾರದು. ಯಾವ ನೋಟು ಎಷ್ಟು ಅಂತ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಮಾರನೇ ದಿನ ಬ್ಯಾಂಕಿಗೆ ಕಟ್ಟಿದ ರಸೀದಿ ಅದೇ ಚೀಟಿಗೆ ಪಿನ್ ಆಗಬೇಕು. ಎರಡೂ ಅಂಕಿ ಒಂದೇ ಇರಬೇಕು. ಕಾಣಿಕೆ ದುಡ್ಡಿನಿಂದಲೇ ಹೂವಿನವರಿಗೆ ಕೊಟ್ಟೆ, ಎಲೆಕ್ಟ್ರಿಷಿಯನ್‌ಗೆ ಕೊಟ್ಟೆ ಅಂತ ಮೇಜಿನ ಮೇಲಿಂದಲೇ ತೆಗೆದುಕೊಡುವ ಅಭ್ಯಾಸ ಎಷ್ಟೋ ಕಡೆ ಇದೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಲೆಕ್ಕ ಹಳಿ ತಪ್ಪೋದು ಅಲ್ಲಿಂದಲೇ.

ಆಮೇಲೆ ಸಂಬಳದ ಪುಸ್ತಕ ನೋಡಿ. ಕೆಲಸದವರಿಗೆ ನ್ಯಾಯವಾದ, ಮನೆ ನಡೆಯುವಷ್ಟು ಸಂಬಳ ಕೊಡಬೇಕು ಅಂತ 1286ನೇ ಕಲಮು ಹೇಳುತ್ತದೆ. ಚರ್ಚಿನಲ್ಲಿ ನ್ಯಾಯದ ಬಗ್ಗೆ ಪ್ರಸಂಗ ಕೇಳಿ ಹೊರಗೆ ಬಂದರೆ ಬಾಗಿಲ ಹತ್ತಿರ ಗುಡಿಸುತ್ತಿರುವ ಅಮ್ಮನಿಗೆ ಎಷ್ಟು ಕೊಡುತ್ತೇವೆ ಅಂತ ಸಮಿತಿಯಲ್ಲೇ ಯಾರಿಗೂ ಗೊತ್ತಿರುವುದಿಲ್ಲ. ಆ ಪ್ರಶ್ನೆ ನೀವು ಎತ್ತಿ.

ಪ್ರಶ್ನೆ: ಲೆಕ್ಕ ಬೋರ್ಡಿಗೆ ಹಾಕಿ ಅಂದರೆ 'ಫಾದರ್ ಮೇಲೆ ನಂಬಿಕೆ ಇಲ್ವಾ?' ಅಂತಾರೆ. ಕೇಳೋದು ತಪ್ಪಾ?

ತಪ್ಪಲ್ಲ. ಜನ ಕೊಟ್ಟದ್ದರ ಲೆಕ್ಕವನ್ನು ಜನಕ್ಕೆ ಒಪ್ಪಿಸಬೇಕು ಅನ್ನೋದು 1287ನೇ ಕಲಮಿನಲ್ಲೇ ಇದೆ. ಹೇಗೆ ಅನ್ನೋದನ್ನು ಮಾತ್ರ ಆಯಾ ಧರ್ಮಪ್ರಾಂತ್ಯಕ್ಕೆ ಬಿಟ್ಟಿದ್ದಾರೆ. ವರ್ಷದ ಕೊನೆಗೆ ಬಿಷಪರಿಗೆ ಲೆಕ್ಕ ಹೋಗುತ್ತದೆ, ಅಂದರೆ ಲೆಕ್ಕ ಹೇಗೂ ಸಿದ್ಧ ಇರಲೇಬೇಕು. ಅದರದೇ ಒಂದು ಪ್ರತಿ ಬೋರ್ಡಿಗೆ ಹಾಕೋದಕ್ಕೆ ಏನು ಕಷ್ಟ? ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನ ಕಡೆ ವರ್ಷಕ್ಕೊಮ್ಮೆ ಎಲ್ಲರೂ ಕೂತು ಲೆಕ್ಕ ಓದಿ, ಜಗಳ ಆಡಿ, ಆಮೇಲೆ ಒಪ್ಪುತ್ತಾರೆ. ಆ ಜಗಳವೂ ಒಂದು ಆರೋಗ್ಯವೇ.

ಇನ್ನು ನಂಬಿಕೆಯ ಮಾತು. ಸಂತ ಪೌಲನ ಮೇಲೆ ಯಾರಿಗಾದರೂ ನಂಬಿಕೆ ಇರಲಿಲ್ವಾ? ಆದರೂ ಜೆರುಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಆತ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದ ಒಬ್ಬನನ್ನು ಜೊತೆಗೆ ಇಟ್ಟುಕೊಂಡ. ಇಷ್ಟು ದೊಡ್ಡ ಕೊಡುಗೆಯ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಬರೆದ. ಕೊರಿಂಥದವರಿಗೆ ಬರೆದ ಎರಡನೇ ಪತ್ರ, 8ನೇ ಅಧ್ಯಾಯ. 'ನಂಬಿಕೆ ಇಲ್ವಾ' ಅಂದವರಿಗೆ ಇದನ್ನು ಓದಿಕೊಡಿ, ನಗುನಗುತ್ತಾ ಓದಿ.

ಒಂದು ಎಚ್ಚರಿಕೆ. ಬೋರ್ಡಿಗೆ ಹಾಕಬೇಕಾದದ್ದು ಎಷ್ಟು ಬಂತು, ಯಾವುದಕ್ಕೆ ಹೋಯಿತು, ಯಾವ ನಿಧಿಯಲ್ಲಿ ಎಷ್ಟು ಉಳಿದಿದೆ ಅನ್ನೋದು. ಯಾವ ಮನೆಯವರು ಎಷ್ಟು ಕೊಟ್ಟರು ಅಂತ ಹಾಕೋದು ಲೆಕ್ಕ ಅಲ್ಲ, ಪೈಪೋಟಿ. ಕೊಡೋದಕ್ಕೆ ಆಗದವರು ಆ ಬೋರ್ಡಿನ ಮುಂದೆ ಹಾದು ಹೋಗುವಾಗ ತಲೆ ತಗ್ಗಿಸುತ್ತಾರೆ, ನೋಡಿದ್ದೇನೆ.

ಪ್ರಶ್ನೆ: ಪೀಠಕ್ಕೆ ಹೂವು, ಹೊಸ ಬೆಂಚು, ಬಣ್ಣ. ಆ ದುಡ್ಡು ಬಡವರಿಗೆ ಕೊಟ್ಟರೆ ಆಗಲ್ವಾ?

ಈ ಪ್ರಶ್ನೆ ಮೊದಲು ಕೇಳಿದವನು ಯೂದ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ. ದುಬಾರಿ ಸುಗಂಧ ತೈಲ ಮಾರಿ ಬಡವರಿಗೆ ಕೊಡಬಾರದಿತ್ತಾ ಅಂತ. ಹಣದ ಚೀಲ ಅವನ ಕೈಯಲ್ಲೇ ಇತ್ತು, ಅದರಿಂದ ಕದಿಯುತ್ತಿದ್ದ ಅಂತ ಯೊವಾನ್ನನ ಸುವಾರ್ತೆ ಹೇಳುತ್ತದೆ. ಹಾಗಂತ ನಿಮ್ಮನ್ನು ಯೂದ ಅನ್ನುತ್ತಿಲ್ಲ! ಯಾಕೆಂದರೆ 4ನೇ ಶತಮಾನದಲ್ಲಿ ಹೆಸರಾಂತ ಪ್ರಸಂಗಿ ಸಂತ ಜಾನ್ ಕ್ರಿಸೋಸ್ತೋಮರೂ ಅದನ್ನೇ ಕೇಳಿದರು. ಕ್ರಿಸ್ತ ಹಸಿದು ಬಾಗಿಲಲ್ಲಿ ನಿಂತಿರುವಾಗ ಒಳಗಿನ ಮೇಜಿಗೆ ಚಿನ್ನದ ಬಟ್ಟಲು ಯಾಕೆ ಅಂತ. ಅವರು ಬಟ್ಟಲು ಬೇಡ ಅನ್ನಲಿಲ್ಲ. ಮೊದಲು ಹಸಿದವನಿಗೆ ಕೊಡಿ, ಉಳಿದದ್ದರಲ್ಲಿ ಅಲಂಕಾರ ಮಾಡಿ ಅಂದರು.

ಹಳೇ ಕಾಲದಲ್ಲಿ ಇದಕ್ಕೊಂದು ಲೆಕ್ಕವೇ ಇತ್ತು. 5ನೇ ಶತಮಾನದ ಕೊನೆಗೆ ಪೋಪ್ ಗೆಲಾಸಿಯುಸ್ ಚರ್ಚಿನ ಆದಾಯವನ್ನು ನಾಲ್ಕು ಪಾಲು ಮಾಡಿ ಅಂದರು: ಬಿಷಪರಿಗೆ, ಗುರುಗಳಿಗೆ, ಬಡವರಿಗೆ, ಕಟ್ಟಡಕ್ಕೆ. ಬಡವರದ್ದು ಮಿಕ್ಕಿದ್ದಲ್ಲ, ಪಾಲು. ಇವತ್ತು ನಾವು ತಿರುಗುಮುರುಗು ಮಾಡಿದ್ದೇವೆ ಅಂತ ನನಗೆ ಅನಿಸುತ್ತದೆ. ಎಲ್ಲಾ ಖರ್ಚು ಕಳೆದು ಡಿಸೆಂಬರ್‌ನಲ್ಲಿ ಏನು ಉಳಿಯಿತೋ ಅದರಲ್ಲಿ ದಾನ. ಬದಲಿಗೆ ವರ್ಷದ ಬಜೆಟ್ ಬರೆಯುವಾಗಲೇ ಮೊದಲ ಸಾಲಿನಲ್ಲಿ ಬಡವರದ್ದು ಬರೆಯಿರಿ, ಆಮೇಲೆ ಬಣ್ಣ. ಹತ್ತಿರದಲ್ಲಿ ವಿನ್ಸೆಂಟ್ ದೆ ಪಾವ್ಲ್ ಸಭೆಯಂಥ ಗುಂಪು ಇದ್ದರೆ (1833ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಶುರು ಮಾಡಿದ್ದು) ಅವರ ಕೈಗೆ ಕೊಡಿ, ಅವರು ಮನೆಮನೆಗೆ ಹೋಗಿ ನೋಡಿ ಕೊಡುತ್ತಾರೆ.

ಬೆಂಚಿನ ಬಗ್ಗೆ ಮಾತ್ರ ನಿಮ್ಮ ಜೊತೆ ಒಪ್ಪುವುದಿಲ್ಲ. ಅದರಲ್ಲಿ ಬಡವರೂ ಕೂರುತ್ತಾರೆ.

ಪ್ರಶ್ನೆ: ಆದಾಯದ ಹತ್ತನೇ ಒಂದು ಕೊಡಲೇಬೇಕಾ?

ದಶಾಂಶ ಹಳೆ ಒಡಂಬಡಿಕೆಯ ಮಾತು, ಕೆಲವು ಸಭೆಗಳು ಅದನ್ನು ಗಟ್ಟಿಯಾಗಿ ಹಿಡಿದಿವೆ. ಕ್ಯಾನನ್ ಕಾನೂನಿನಲ್ಲಿ ಶೇಕಡಾ ಇಷ್ಟು ಅಂತ ಎಲ್ಲೂ ಇಲ್ಲ. ಚರ್ಚಿನ ಅಗತ್ಯಕ್ಕೆ ನೆರವಾಗುವುದು ಎಲ್ಲರ ಕರ್ತವ್ಯ ಅಂತ ಮಾತ್ರ ಇದೆ. ಜರ್ಮನಿಯಲ್ಲಿ ಸದಸ್ಯರ ಆದಾಯ ತೆರಿಗೆಯ ಶೇಕಡಾ 8 ಅಥವಾ 9ರಷ್ಟನ್ನು ಚರ್ಚ್ ತೆರಿಗೆ ಅಂತ ಸರ್ಕಾರವೇ ವಸೂಲಿ ಮಾಡಿ ಕೊಡುತ್ತದೆ. ಅಲ್ಲಿ ಚರ್ಚಿನ ಹತ್ತಿರ ದುಡ್ಡು ಇದೆ, ಬೆಂಚುಗಳು ಖಾಲಿ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ನೀವೇ ಯೋಚಿಸಿ.

ಪ್ರಶ್ನೆ: ಕೆಲಸ ಹೋಗಿ ಆರು ತಿಂಗಳಾಯಿತು. ಚೀಲ ಬಂದಾಗ ಹಾಕಲು ಏನೂ ಇಲ್ಲ. ನಾಚಿಕೆಯಾಗಿ ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತೇನೆ.

ಒಳಗೆ ಬಂದು ಕೂತುಕೊಳ್ಳಿ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್ ಭಾನುವಾರದ ಪೂಜೆ ಹೇಗೆ ನಡೆಯುತ್ತಿತ್ತು ಅಂತ ಬರೆದಿಟ್ಟಿದ್ದಾರೆ. ಇದ್ದವರು, ಅದರಲ್ಲೂ ಮನಸ್ಸಿದ್ದವರು, ತಮಗೆ ಸರಿ ಕಂಡಷ್ಟು ಕೊಡುತ್ತಿದ್ದರು. ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಜೈಲಿನಲ್ಲಿದ್ದವರು, ಪರಊರಿನವರಿಗೆ ನೆರವಾಗುತ್ತಿತ್ತು. ಅಂದರೆ ಚೀಲದಿಂದ ತೆಗೆದುಕೊಳ್ಳುವವರೂ ಅದೇ ಪೂಜೆಯಲ್ಲಿ ಪಕ್ಕದಲ್ಲೇ ಕೂತಿದ್ದರು. ಈಗ ನಿಮ್ಮ ಸರದಿ ಆ ಕಡೆಯದು. ಚೀಲ ಬಂದಾಗ ಮುಟ್ಟಿ ಪಕ್ಕದವರಿಗೆ ದಾಟಿಸಿ, ಯಾರೂ ನೋಡುವುದಿಲ್ಲ. ಎಲ್ಲರೂ ಆ ಹೊತ್ತಿಗೆ ಜೇಬಿನಲ್ಲಿ ಚಿಲ್ಲರೆ ಹುಡುಕುತ್ತಿರುತ್ತಾರೆ. ಮತ್ತೆ ಫಾದರ್ ಹತ್ತಿರ ಹೋಗಿ ಕೆಲಸ ಹೋದ ವಿಷಯ ಹೇಳಿ. ನಿಧಿ ಇರೋದು ಅದಕ್ಕೇ, ನೀವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಕಾಣಿಕೆ ಎಣಿಸುವಾಗ ಹರಿದ ನೋಟು, ಗುಂಡಿ, ಚೀಟಿ ಏನೇನೋ ಸಿಗುತ್ತದೆ. ಏನು ಮಾಡಬೇಕು?

ಹರಿದ ನೋಟುಗಳನ್ನು ಬೇರೆ ಕವರಿನಲ್ಲಿ ಹಾಕಿ, ಎಣಿಕೆ ಚೀಟಿಯಲ್ಲಿ 'ಹರಿದದ್ದು' ಅಂತ ಬೇರೆ ಸಾಲಿನಲ್ಲಿ ಬರೆದು ಬ್ಯಾಂಕಿನಲ್ಲಿ ಬದಲಾಯಿಸಿ. ಗುಂಡಿ ಮಕ್ಕಳ ಕೆಲಸ. ನಮ್ಮ ಮೇಜಿನ ಡ್ರಾಯರಿನಲ್ಲಿ ಒಂದು ಹಿಡಿಯಷ್ಟು ಸೇರಿತ್ತು, ಕೊನೆಗೆ ಗಾಯನ ತಂಡದ ನಿಲುವಂಗಿಗಳಿಗೆ ಹೊಲಿದೆವು. ಚೀಟಿ ಸಿಕ್ಕರೆ ಬಿಡಿಸಿ ಓದಬೇಡಿ. ನಾಲ್ಕಾಗಿ ಮಡಿಚಿ ಯಾರೋ ದುಡ್ಡಿನ ನಡುವೆ ಸೇರಿಸಿದ್ದಾರೆ ಅಂದರೆ ಅದು ಲೆಕ್ಕದವರಿಗೆ ಬರೆದದ್ದಲ್ಲ. ಹಾಗೇ ಎತ್ತಿಟ್ಟು, ಎಣಿಸಿ ಮುಗಿದ ಮೇಲೆ ಫಾದರ್ ಕೈಗೆ ಕೊಡಿ.